ಬಿ.ವಿ. ಶ್ರೀಕಂಠನ್ ಅವರ ಹಾದಿ: ಪ್ರಾಯೋಗಿಕ ಕಣಭೌತವಿಜ್ಞಾನದಲ್ಲಿ ಇಂದು ಅಂಥ ಸಂಶೋಧನಾ ಬದುಕು ಸಾಧ್ಯವೇ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಭೌತವಿಜ್ಞಾನದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮುಂದೆ ಪಿಎಚ್.ಡಿ.ಗೆ ಕಣಭೌತವಿಜ್ಞಾನವನ್ನೇ ಆರಿಸಿಕೊಳ್ಳಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಸಿದ್ಧಾಂತದ ಕಡೆಗೋ ಪ್ರಯೋಗದ ಕಡೆಗೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಪ್ರಯೋಗದ ಕಡೆಗೆ ಹೋದರೆ ವರ್ಷಗಟ್ಟಲೆ ಕೇಬಲ್ ಜೋಡಿಸುವುದರಲ್ಲಿ, ಕಂಪ್ಯೂಟರ್ ಪ್ರೋಗ್ರಾಂ ತಿದ್ದುವುದರಲ್ಲಿ ಕಾಲ ಕಳೆಯುತ್ತದೆ, ಕೊನೆಗೆ ಬರುವ ಪ್ರಬಂಧದಲ್ಲಿ ಸಾವಿರಾರು ಹೆಸರುಗಳ ನಡುವೆ ನಿನ್ನದೂ ಒಂದಾಗಿರುತ್ತದೆ, ಅದರಲ್ಲಿ ಭೌತವಿಜ್ಞಾನ ಎಷ್ಟು ಉಳಿಯುತ್ತದೆ ಎಂದು ನನ್ನ ಅಧ್ಯಾಪಕರೊಬ್ಬರು ಕಾಳಜಿಯಿಂದಲೇ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದೇ ಸಮಯದಲ್ಲಿ ನಮ್ಮ ನಂಜನಗೂಡಿನವರೇ ಆದ ಬಿ.ವಿ. ಶ್ರೀಕಂಠನ್ ಅವರ ಬಗ್ಗೆ ಓದಿದೆ. 1925ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1947ರಲ್ಲಿ ವೈರ್‌ಲೆಸ್ ವಿಷಯದಲ್ಲಿ ವಿಶೇಷ ಪರಿಣತಿಯೊಂದಿಗೆ ಎಂ.ಎಸ್ಸಿ. ಮುಗಿಸಿದ ಅವರು, ಮುಂದೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಬಹುತೇಕ ಎಲ್ಲವನ್ನೂ ತೂರಿಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮಕಣಗಳನ್ನು ಕಂಡ ತಂಡದಲ್ಲಿದ್ದರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರೂ ಆದರು. ಆ ಬದುಕನ್ನು ಓದುವಾಗ ನನಗೆ ಅರ್ಥವಾಗದೆ ಉಳಿದದ್ದು ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ಅವರು ಹೋದ ಬಗೆ. ರೇಡಿಯೊ ಸರ್ಕ್ಯೂಟು ಕಲಿತವರು ಗಣಿಗೆ ಏಕೆ ಇಳಿದರು? ಗಣಿಯಿಂದ ಊಟಿಯ ಬೆಟ್ಟಕ್ಕೆ, ಅಲ್ಲಿಂದ ಎಕ್ಸ್-ಕಿರಣ ಖಗೋಳವಿಜ್ಞಾನಕ್ಕೆ ಹೋದದ್ದು ಆಸಕ್ತಿಯ ಚಂಚಲತೆಯೇ, ಅಥವಾ ಅದರೊಳಗೆ ಒಂದು ಸೂತ್ರವಿದೆಯೇ? ಇಂದಿನ ದೊಡ್ಡ ಪ್ರಯೋಗಗಳಲ್ಲಿ ಅಂಥ ಬದುಕಿಗೆ ಜಾಗ ಉಳಿದಿದೆಯೇ? ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಭೌತವಿಜ್ಞಾನ ಅಧ್ಯಾಪಕ, ಬೆಂಗಳೂರು

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದರೊಳಗೆ ಸೂತ್ರವಿದೆ, ಮತ್ತು ಆ ಸೂತ್ರ ಅವರು ಎಂ.ಎಸ್ಸಿ.ಯಲ್ಲಿ ಕಲಿತ ಸರ್ಕ್ಯೂಟಿನಲ್ಲಿಯೇ ಇದೆ.

ಶ್ರೀಕಂಠನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲವಿದ್ದು 1948ರಲ್ಲಿ ಮುಂಬಯಿಗೆ ಹೋಗಿ ಟಾಟಾ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಆ ಸಂಸ್ಥೆಯನ್ನು ಆರಂಭಿಸಿ ಆಗಿನ್ನೂ ಮೂರು ವರ್ಷ. ಆಗ ಕಣಭೌತವಿಜ್ಞಾನವೆಂದರೆ ಬಹುಮಟ್ಟಿಗೆ ವಿಶ್ವಕಿರಣಗಳ, ಅಂದರೆ ಅಂತರಿಕ್ಷದಿಂದ ಬರುವ ಅಧಿಕ ಶಕ್ತಿಯ ಕಣಗಳ, ಅಧ್ಯಯನವೇ ಆಗಿತ್ತು. ಪಾಸಿಟ್ರಾನ್, ಮ್ಯೂಯಾನ್, ಪಯಾನ್ ಎಂಬ ಮೂರೂ ಕಣಗಳು ಆಕಾಶದಿಂದ ಬರುವ ಕಿರಣಗಳಲ್ಲಿಯೇ ಮೊದಲು ಸಿಕ್ಕವು. ಕಣಗಳನ್ನು ಅತಿ ವೇಗಕ್ಕೇರಿಸುವ ದೊಡ್ಡ ಯಂತ್ರಗಳಾದ ವೇಗವರ್ಧಕಗಳು ನಮ್ಮ ದೇಶಕ್ಕೆ ಎಟುಕುವಂತಿರಲಿಲ್ಲ, ವಿಶ್ವಕಿರಣಗಳು ಮಾತ್ರ ಎಲ್ಲರ ತಲೆಯ ಮೇಲೂ ಸಮನಾಗಿ ಸುರಿಯುತ್ತಿದ್ದವು. ಆದರೆ ಅವುಗಳನ್ನು ಎಣಿಸುವ ಉಪಕರಣ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕಣ ಹಾದಾಗ ವಿದ್ಯುತ್ ಮಿಡಿತ ಕೊಡುವ ಗೀಗರ್ ಕೌಂಟರಿನಿಂದ ಹಿಡಿದು ಅದಕ್ಕೆ ಬೇಕಾದ ವಾಲ್ವ್ (ನಿರ್ವಾತ ಕೊಳವೆ) ಸರ್ಕ್ಯೂಟಿನವರೆಗೆ ಎಲ್ಲವನ್ನೂ ಸಂಸ್ಥೆಯಲ್ಲಿಯೇ ಮಾಡಿಕೊಳ್ಳಬೇಕಿತ್ತು. ವೈರ್‌ಲೆಸ್ ಓದಿದ ತರುಣರೊಬ್ಬರು ಅಲ್ಲಿಗೆ ಏಕೆ ಬೇಕಾಗಿದ್ದರು ಎಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಈ ಸರ್ಕ್ಯೂಟುಗಳಲ್ಲಿ ಮುಖ್ಯವಾದುದು ಕೋಇನ್ಸಿಡೆನ್ಸ್ ಸರ್ಕ್ಯೂಟ್. ಒಂದೇ ಕೌಂಟರ್ ಮಿಡಿದರೆ ಅದು ಕಣವೋ, ಸುತ್ತಲಿನ ಬಂಡೆಯ ವಿಕಿರಣವೋ, ಸರ್ಕ್ಯೂಟಿನದೇ ಗದ್ದಲವೋ (ಬೇಡದ ಸಂಕೇತವೋ) ಹೇಳಲಾಗುವುದಿಲ್ಲ. ಒಂದರ ಕೆಳಗೊಂದು ಇಟ್ಟ ಎರಡು ಮೂರು ಕೌಂಟರುಗಳು ಒಂದೇ ಕ್ಷಣದಲ್ಲಿ ಮಿಡಿದರೆ ಮಾತ್ರ ಒಂದು ಕಣ ಅವೆಲ್ಲವನ್ನೂ ಹಾದುಹೋಗಿದೆ ಎಂದು ನಂಬಬಹುದು. ಇಟಲಿಯ ಬ್ರೂನೊ ರೋಸಿ 1930ರಲ್ಲಿ ವಾಲ್ವ್‌ಗಳಿಂದ ಇದನ್ನು ಸಾಧಿಸಿದ್ದರು. ಶ್ರೀಕಂಠನ್ ಅವರು ಮುಂದೆ ಅಮೆರಿಕದ ಎಂ.ಐ.ಟಿ.ಯಲ್ಲಿ ಅದೇ ರೋಸಿಯವರ ಬಳಗದಲ್ಲಿ ಕೆಲಸ ಮಾಡಿದರು.

1951ರಲ್ಲಿ ಭಾಭಾ ಅವರು ಶ್ರೀಕಂಠನ್ ಅವರನ್ನು ಕೋಲಾರದ ಗಣಿಗೆ ಕಳುಹಿಸಿದರು. ಏಕೆಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್‌ಗಳು ನೆಲದ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಕೋಲಾರದ ಬಂಡೆಯ ಸಾಂದ್ರತೆ ನೀರಿನ ಮೂರು ಪಟ್ಟು; ಅದರೊಳಗೆ ಒಂದು ಮೀಟರ್ ಇಳಿಯಲು ಮ್ಯೂಯಾನ್ ಸರಿಸುಮಾರು 0.6 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಗಾಗಿ 300 ಮೀಟರ್ ಆಳದಲ್ಲಿ ಒಂದು ಮ್ಯೂಯಾನ್ ಕಂಡಿತೆಂದರೆ ಅದು ನೆಲದ ಮೇಲೆ ಕನಿಷ್ಠ 180 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯೊಂದಿಗೆ ಹೊರಟಿತ್ತು ಎಂದರ್ಥ. ಬೇರೆ ಬೇರೆ ಆಳಗಳಲ್ಲಿ ಎಣಿಸುತ್ತ ಹೋದರೆ ಗಣಿಯೇ ಶಕ್ತಿಯನ್ನು ಅಳೆಯುವ ಉಪಕರಣವಾಗುತ್ತದೆ. ಆ ದಿನಗಳಲ್ಲಿ ಜಗತ್ತಿನ ಯಾವ ವೇಗವರ್ಧಕವೂ ಈ ಶಕ್ತಿಯ ಹತ್ತಿರಕ್ಕೂ ಬಂದಿರಲಿಲ್ಲ. ನೆಲದಡಿಯ ಮ್ಯೂಯಾನ್‌ಗಳ ಈ ಅಧ್ಯಯನದ ದಿನಗಳಲ್ಲಿಯೇ, 1954ರಲ್ಲಿ, ಶ್ರೀಕಂಠನ್ ಅವರಿಗೆ ಮುಂಬಯಿ ವಿಶ್ವವಿದ್ಯಾಲಯದ ಪಿಎಚ್.ಡಿ. ದೊರೆಯಿತು.

ಮುಂದಿನ ಘಟ್ಟವೇ ನನಗೆ ಬಹಳ ಮುಖ್ಯವೆನಿಸುವುದು. 1960ರ ದಶಕದ ಆರಂಭದಲ್ಲಿ ಎಸ್. ಮಿಯಾಕೆ, ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಈ ಎಣಿಕೆಯನ್ನು ಹಂತಹಂತವಾಗಿ ಆಳಕ್ಕೆ ಒಯ್ದರು. ಅತ್ಯಂತ ಆಳದ ಮಾಪನ ನಡೆದದ್ದು 8,400 ಮೀಟರ್ ನೀರಿಗೆ ಸಮನಾದ ಬಂಡೆಯ ಕೆಳಗೆ, ಅಂದರೆ ಸುಮಾರು 2,760 ಮೀಟರ್ ಆಳದಲ್ಲಿ. ಅಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ದಾಖಲಾಗಲಿಲ್ಲ. ಮೇಲ್ನೋಟಕ್ಕೆ ಇದು ಕೈ ಖಾಲಿಯಾಗಿ ಮರಳಿದಂತೆ. ಆದರೆ ಆ ಸೊನ್ನೆಯ ಬೆಲೆ ಅವರಿಗೆ ತಿಳಿದಿತ್ತು. ಆಕಾಶದಿಂದ ನೇರವಾಗಿ ಬರುವ ಮ್ಯೂಯಾನ್‌ಗಳು ಇಲ್ಲಿಗೆ ತಲುಪುವುದಿಲ್ಲವೆಂದರೆ, ಇಲ್ಲಿ ಕಾಣಿಸಿಕೊಳ್ಳುವ ಮ್ಯೂಯಾನ್ ಪಕ್ಕದ ಬಂಡೆಯಲ್ಲಿಯೇ ಹುಟ್ಟಿರಬೇಕು. ಅದನ್ನು ಅಲ್ಲಿ ಹುಟ್ಟಿಸಬಲ್ಲದ್ದು ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೊ ಒಂದೇ.

ಎಂ.ಜಿ.ಕೆ. ಮೆನನ್ ಅವರ ಮುಂದಾಳತ್ವದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ ಹೊಸ ಶೋಧಕಗಳನ್ನು ನಿಲ್ಲಿಸಿದವು. "ನಿಲ್ಲಿಸಿದವು" ಎಂದದ್ದು ಬೇಕೆಂದೇ. ಮೊದಲಿನ ಕೌಂಟರುಗಳು ಮೇಲಿನಿಂದ ಬೀಳುವ ಕಣಗಳಿಗಾಗಿ ಅಡ್ಡಲಾಗಿ ಹಾಸಿದಂಥವು. ನ್ಯೂಟ್ರಿನೊಗಳು ಎಲ್ಲ ದಿಕ್ಕಿನಿಂದಲೂ ಬರುತ್ತವೆ, ಆದ್ದರಿಂದ ಅಡ್ಡದಿಕ್ಕಿನಲ್ಲಿ ಹಾಯುವ ಮ್ಯೂಯಾನ್ ಕಂಡರೆ ಅದು ನ್ಯೂಟ್ರಿನೊದ ಕೂಸೇ ಆಗಿರಬೇಕು. ಆ ದಿಕ್ಕಿನಲ್ಲಿ ಹತ್ತಾರು ಕಿಲೋಮೀಟರ್ ಬಂಡೆಯನ್ನು ಬೇರಾವ ಮ್ಯೂಯಾನೂ ದಾಟಿ ಬರಲಾರದು. ಈ ಕಾರಣಕ್ಕೆ, ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳನ್ನು ಎರಡು ಗೋಡೆಗಳಂತೆ ಎದುರುಬದುರು ಕಟ್ಟಿದರು, ನಡುವೆ ಸೀಸದ ತಗಡುಗಳನ್ನೂ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲುಗಳನ್ನೂ ಇರಿಸಿದರು. ಎರಡು ಗೋಡೆಗಳೂ ಒಂದೇ ಕ್ಷಣದಲ್ಲಿ ಮಿನುಗಿದರೆ ಕೊಳವೆಗಳಿಗೆ ಅಧಿಕ ವೋಲ್ಟೇಜಿನ ಹೊಡೆತ ಬೀಳುತ್ತಿತ್ತು, ಕಣ ಹಾದುಹೋದ ಕೊಳವೆಗಳು ಮಾತ್ರ ಬೆಳಗುತ್ತಿದ್ದವು, ಆ ಸಾಲನ್ನು ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತು. ಎರಡು ಸಂಕೇತ ಒಂದೇ ಕ್ಷಣದಲ್ಲಿ ಬಂದವೇ ಎಂಬ 1948ರ ಪ್ರಶ್ನೆಯೇ ಇಲ್ಲಿಯೂ ಇದೆ ಎಂಬುದನ್ನು ಗಮನಿಸಿ. 1965ರ ಆಗಸ್ಟ್ 15ರ "ಫಿಸಿಕ್ಸ್ ಲೆಟರ್ಸ್" ಸಂಚಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಲೇಖಕರು ಹನ್ನೊಂದು ಮಂದಿ. ಶ್ರೀಕಂಠನ್ ಅವರಲ್ಲಿ ಒಬ್ಬರು.

ಊಟಿಯ ವಿಚಾರವೂ ಹೀಗೆಯೇ. ಅಲ್ಲಿ ಬೆಟ್ಟದ ಎತ್ತರದಲ್ಲಿ ವಿಶ್ವಕಿರಣಗಳ ಮಳೆಯನ್ನೂ, ಆ ಮಳೆಯ ನಡುವೆ ಬರುವ ಬಲಿಷ್ಠ ಕಣಗಳನ್ನೂ, ಅವು ಬಂದು ತಲುಪುವ ಸಮಯದಲ್ಲಿನ ಅತಿ ಸೂಕ್ಷ್ಮ ವ್ಯತ್ಯಾಸಗಳನ್ನೂ ಅಳೆಯುವ ಕೆಲಸವನ್ನು ಅವರ ಗುಂಪು ಮಾಡಿತು. 1960ರ ದಶಕದ ನಡುವಿನಲ್ಲಿ ಮತ್ತೆ ಎಂ.ಐ.ಟಿ.ಗೆ ಹೋದಾಗ, ಆಕಾಶದ ಪ್ರಬಲ ಎಕ್ಸ್-ಕಿರಣ ಮೂಲವಾದ ಸ್ಕಾರ್ಪಿಯಸ್ ಎಕ್ಸ್-1 ಬೆಳಕಿನಲ್ಲಿ ಕಾಣುವ ಯಾವ ನಕ್ಷತ್ರಕ್ಕೆ ಸೇರಿದ್ದೆಂದು ಗುರುತಿಸಿದ 1966ರ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರಾದರು. ಹಿಂತಿರುಗಿದ ಮೇಲೆ ಟಾಟಾ ಸಂಸ್ಥೆಯಲ್ಲಿ ಬಲೂನುಗಳ ಮೂಲಕ ಎಕ್ಸ್-ಕಿರಣ ಖಗೋಳವಿಜ್ಞಾನವನ್ನು ಕಟ್ಟಿದರು. ಬಲೂನಿನಲ್ಲಿ ಹಾರಿದ್ದೂ ಸಿಂಟಿಲೇಟರೇ. ಅಲ್ಲಿಯೂ ಮುಖ್ಯವಾದ ಕೆಲಸ, ಬೇಡದ ವಿಶ್ವಕಿರಣವನ್ನು ಜರಡಿ ಹಿಡಿದು ಬೇಕಾದ ಎಕ್ಸ್-ಕಿರಣವನ್ನು ಉಳಿಸಿಕೊಳ್ಳುವುದು. ಒಂದು ಕಡೆಯ ಸಂಕೇತ ಇನ್ನೊಂದು ಕಡೆ ಗದ್ದಲವಾಗುತ್ತದೆ. ಎರಡನ್ನೂ ಬಲ್ಲವರು ಎರಡೂ ಕಡೆ ಕೆಲಸ ಮಾಡಬಲ್ಲರು. ಇದನ್ನು ಚಂಚಲತೆ ಎನ್ನಲು ನಾನು ಒಪ್ಪಲಾರೆ.

1975ರಿಂದ 1987ರವರೆಗೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನದ ತತ್ತ್ವ, ಪ್ರಜ್ಞೆ ಮೊದಲಾದ ವಿಷಯಗಳಲ್ಲಿ ಕೊನೆಯವರೆಗೂ ತೊಡಗಿಕೊಂಡಿದ್ದರು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಉತ್ತರ: ಕೆ.ಜಿ.ಎಫ್. ಮೂಲದ ಎಂಜಿನಿಯರ್

ಮೇಲಿನ ಬರಹಕ್ಕೆ ಎರಡು ಮಾತು ಸೇರಿಸಬೇಕೆನಿಸಿತು, ಒಂದು ಶ್ರೇಯಸ್ಸಿನ ಬಗ್ಗೆ, ಇನ್ನೊಂದು ಸ್ಥಳದ ಬಗ್ಗೆ.

ವಾತಾವರಣದ ನ್ಯೂಟ್ರಿನೊಗಳನ್ನು, ಅಂದರೆ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು, ಜಗತ್ತಿನಲ್ಲಿ ಮೊದಲು ಕಂಡದ್ದು ಕೋಲಾರದಲ್ಲಿಯೇ ಎಂದು ನಮ್ಮ ಕಡೆ ಬರೆಯುವವರು ಹಲವರಿದ್ದಾರೆ. ಪೂರ್ತಿ ಸಂಗತಿ ಇಷ್ಟು: ಅದೇ ಕಾಲದಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ 3.2 ಕಿಲೋಮೀಟರ್ ಆಳದಲ್ಲಿ ಇದೇ ಹುಡುಕಾಟದಲ್ಲಿತ್ತು. ಅವರ ಮೊದಲ ಘಟನೆ ದಾಖಲಾದದ್ದು 1965ರ ಫೆಬ್ರವರಿ 23ರಂದು, ಪ್ರಕಟವಾದದ್ದು ಆಗಸ್ಟ್ 30ರಂದು. ಮೊದಲು ದಾಖಲಿಸಿದವರು ಅವರು, ಮೊದಲು ಪ್ರಕಟಿಸಿದವರು ಕೋಲಾರದವರು. ಎರಡು ತಂಡಗಳೂ ಒಂದನ್ನೊಂದು ಅವಲಂಬಿಸದೆ ಒಂದೇ ಸತ್ಯವನ್ನು ಕಂಡವು, ಮತ್ತು ಪ್ರಾಯೋಗಿಕ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಬಲವಿಲ್ಲ. ಕೋಲಾರದ ಹೆಮ್ಮೆಗೆ ಇದರಿಂದ ಕುಂದೇನೂ ಇಲ್ಲ.

ಇನ್ನು ಸ್ಥಳ. ನನ್ನ ತಂದೆ ಚಾಂಪಿಯನ್ ರೀಫ್‌ನಲ್ಲಿ ಶಿಫ್ಟ್ ಕೆಲಸ ಮಾಡಿದವರು. ಗಣಿಯ ಕೆಳಮಟ್ಟಗಳಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಗಾಳಿಯನ್ನು ತಂಪು ಮಾಡಿ ಕಳುಹಿಸದಿದ್ದರೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಂಡೆಯ ಮೇಲಿನ ಒತ್ತಡದಿಂದ ಆಗಾಗ ರಾಕ್‌ಬರ್ಸ್ಟ್ (ಬಂಡೆ ಸಿಡಿಯುವುದು) ಆಗುತ್ತಿತ್ತು; ಆಗ ಮೇಲಿನ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು, ಯಾರ ಮನೆಯವರು ಕೆಳಗಿದ್ದಾರೆ ಎಂದು ಹೆಂಗಸರು ಶಾಫ್ಟ್ ಕಡೆಗೆ ನೋಡುತ್ತಿದ್ದರು. ಅಲ್ಲಿಗೆ ಹೋಗಬೇಕಾದ ಯಾವ ಉಪಕರಣವೇ ಆಗಲಿ ಗಣಿಯ ಕೇಜಿನೊಳಗೆ ಹಿಡಿಸಬೇಕು, ಕೆಳಗಿನ ಸುರಂಗದಲ್ಲಿ ಟ್ರಾಲಿಯ ಮೇಲೆ ಸಾಗಬೇಕು. ಸೀಸ, ಕಬ್ಬಿಣ, ಗಾಜಿನ ಕೊಳವೆ ಎಲ್ಲವೂ ಬಿಡಿಬಿಡಿಯಾಗಿ ಇಳಿದು ಕೆಳಗೆ ಜೋಡಣೆಯಾದವು. ಕೇಜ್ ಓಡಿಸಿದವರು, ಸುರಂಗಕ್ಕೆ ಆಸರೆ ಕಟ್ಟಿದವರು, ವಿದ್ಯುತ್ ತಂತಿ ಎಳೆದವರು ಯಾರೂ ಪ್ರಬಂಧದ ಲೇಖಕರಲ್ಲ. ಸಾವಿರ ಹೆಸರುಗಳ ನಡುವೆ ತನ್ನದೊಂದು ಎಂಬ ಚಿಂತೆಯನ್ನು ಈ ಸಹೋದರಿ ಬರೆದಿದ್ದಾರೆ. ಹನ್ನೊಂದು ಹೆಸರುಗಳ ಪ್ರಬಂಧದ ಹಿಂದೆಯೂ ಹೆಸರಿಲ್ಲದ ನೂರಾರು ಕೈಗಳಿದ್ದವು ಎಂಬುದನ್ನು ಇದರ ಜೊತೆಯಲ್ಲಿ ನೆನೆಯಬೇಕು.

ಉತ್ತರ: ಸಂಶೋಧಕಿ, ಜಿನೀವಾ

ನಾನು ಬೆಳಗಾವಿಯವಳು. ಈಗ ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನ ಸಿ.ಎಂ.ಎಸ್. ಪ್ರಯೋಗದಲ್ಲಿ ಪಿಎಚ್.ಡಿ. ನಂತರದ ಸಂಶೋಧನೆ ಮಾಡುತ್ತಿದ್ದೇನೆ. ನಿಮ್ಮ ಮೂರನೆಯ ಪ್ರಶ್ನೆಗೆ, ಅಂದರೆ ಇಂದಿನ ಸ್ಥಿತಿಗೆ ಉತ್ತರಿಸುತ್ತೇನೆ.

ನಿಮ್ಮ ಅಧ್ಯಾಪಕರು ಹೇಳಿದ ಸಂಗತಿ ಸುಳ್ಳಲ್ಲ. ಹಿಗ್ಸ್ ಕಣದ ತೂಕವನ್ನು ಸರ್ನ್‌ನ ಇನ್ನೊಂದು ಪ್ರಯೋಗವಾದ ಅಟ್ಲಾಸ್ ಮತ್ತು ಸಿ.ಎಂ.ಎಸ್. ಎರಡೂ ಸೇರಿ ಅಳೆದ 2015ರ ಪ್ರಬಂಧಕ್ಕೆ 5,154 ಲೇಖಕರಿದ್ದರು. ಸಿ.ಎಂ.ಎಸ್. ಶೋಧಕದ ತೂಕ ಸುಮಾರು 14,000 ಟನ್. ಅದು ಫ್ರಾನ್ಸಿನ ಸೆಸ್ಸಿ ಎಂಬ ಹಳ್ಳಿಯ ಕೆಳಗೆ ಸುಮಾರು 100 ಮೀಟರ್ ಆಳದಲ್ಲಿದೆ. ಇಷ್ಟನ್ನು ಒಬ್ಬರ ತಲೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಆದರೆ ಈ ಸಂಖ್ಯೆಗಳಿಂದ ಒಬ್ಬ ವಿದ್ಯಾರ್ಥಿಯ ದಿನನಿತ್ಯದ ಕೆಲಸ ಹೇಗಿರುತ್ತದೆಂದು ಊಹಿಸಲಾಗುವುದಿಲ್ಲ. ಒಂದು ಅಳತೆಯ ಮೇಲೆ ನಿಜವಾಗಿ ಕೆಲಸ ಮಾಡುವ ಗುಂಪಿನಲ್ಲಿ ಬಹಳ ಸಲ ಐದಾರು ಮಂದಿ ಇರುತ್ತಾರೆ, ಅವರಲ್ಲಿ ಇಬ್ಬರು ವಿದ್ಯಾರ್ಥಿಗಳಾಗಿರುತ್ತಾರೆ. ಆ ಅಳತೆಯಲ್ಲಿ ತಪ್ಪೆಲ್ಲಿ ನುಸುಳಬಹುದು ಎಂಬುದನ್ನು ಅವರಷ್ಟು ಬಲ್ಲವರು ಜಗತ್ತಿನಲ್ಲಿ ಬೇರೆ ಇರುವುದಿಲ್ಲ. ಪ್ರಬಂಧ ಹೊರಬರುವ ಮೊದಲು ಪ್ರಯೋಗದ ಒಳಗಿನ ವಿಮರ್ಶಕರ ಮುಂದೆ ನಿಂತು ಪ್ರತಿಯೊಂದು ಸಂಖ್ಯೆಯನ್ನೂ ಸಮರ್ಥಿಸಿಕೊಳ್ಳಬೇಕಾದವರು ಆ ಇಬ್ಬರು ವಿದ್ಯಾರ್ಥಿಗಳೇ.

ಕೇಬಲ್ ಕೆಲಸದ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಸಿ.ಎಂ.ಎಸ್.ನ ದೊಡ್ಡ ಕಾಂತದ ಹೊರಗೆ ಹೊರ ಹ್ಯಾಡ್ರಾನ್ ಕ್ಯಾಲೊರಿಮೀಟರ್ ಎಂಬ ಭಾಗವಿದೆ. ಒಳಗಿನ ಪದರಗಳಲ್ಲಿ ಪೂರ್ತಿ ನಿಲ್ಲದೆ ಕಾಂತವನ್ನೂ ದಾಟಿ ಬರುವ ಕಣಗಳ ಶಕ್ತಿಯನ್ನು ಹಿಡಿಯುವುದು ಅದರ ಕೆಲಸ. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳನ್ನು ಸಿದ್ಧಪಡಿಸಿದ್ದು ನಮ್ಮ ಟಾಟಾ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯ. ಹಲಗೆಯಲ್ಲಿ ತೋಡಿದ ಸಣ್ಣ ಕಾಲುವೆಯೊಳಗೆ ಸುಮಾರು ಒಂದು ಮಿಲಿಮೀಟರ್ ದಪ್ಪದ ತಂತು ಕೂರುತ್ತದೆ, ಸಿಂಟಿಲೇಟರಿನ ನೀಲಿ ಮಿನುಗನ್ನು ಅದು ಹಸಿರಾಗಿ ಬದಲಿಸಿ ತುದಿಗೆ ಸಾಗಿಸುತ್ತದೆ. ಆ ತುದಿಯಲ್ಲಿ ಮೊದಲಿದ್ದ ಬೆಳಕು ಗ್ರಹಿಸುವ ಸಾಧನಗಳು ಸುತ್ತಲಿನ ಕಾಂತಕ್ಷೇತ್ರದಿಂದಾಗಿ ಗದ್ದಲ ಕೊಡುತ್ತಿದ್ದವು. ವೇಗವರ್ಧಕ ನಿಂತಿದ್ದ 2013–14ರ ಅವಧಿಯಲ್ಲಿ ಅವುಗಳನ್ನು ತೆಗೆದು ಸಿಲಿಕಾನ್ ಫೋಟೊಮಲ್ಟಿಪ್ಲೈಯರ್‌ಗಳನ್ನು ಹಾಕಲಾಯಿತು. ಇದರಲ್ಲಿ ಯಾವುದು ಎಂಜಿನಿಯರಿಂಗ್, ಯಾವುದು ಭೌತವಿಜ್ಞಾನ? ಆ ಗದ್ದಲವನ್ನು ಅರ್ಥ ಮಾಡಿಕೊಳ್ಳದೆ ಇದ್ದರೆ ಶಕ್ತಿ ಕಾಣೆಯಾದ ಘಟನೆಯೊಂದನ್ನು ನೋಡಿ ಹೊಸ ಕಣ ಸಿಕ್ಕಿತೆಂದು ಸಂಭ್ರಮಿಸುವ ಅಪಾಯವಿದೆ. ಕೋಲಾರದಲ್ಲಿ ಎರಡು ತಿಂಗಳು ಸೊನ್ನೆ ಎಣಿಸಿದವರ ಕೆಲಸವೂ ಇದೇ ಜಾತಿಯದು.

ಕಷ್ಟಗಳನ್ನೂ ಮರೆಮಾಚದೆ ಹೇಳಬೇಕು. ಒಂದು ಉಪಕರಣ ಯೋಜನೆಯಿಂದ ಫಲಿತಾಂಶಕ್ಕೆ ಬರಲು ಹದಿನೈದು, ಇಪ್ಪತ್ತು ವರ್ಷ ಬೇಕಾಗುತ್ತದೆ, ನಮ್ಮ ಫೆಲೊಶಿಪ್ಪು ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಉಪಕರಣ ಕಟ್ಟಿದವರಿಗಿಂತ ಅದರ ದತ್ತಾಂಶವನ್ನು ವಿಶ್ಲೇಷಿಸಿದವರಿಗೆ ನೌಕರಿಯ ಸಂದರ್ಶನದಲ್ಲಿ ಹೇಳಿಕೊಳ್ಳಲು ಹೆಚ್ಚು ಇರುತ್ತದೆ. ಇದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಶ್ರೀಕಂಠನ್ ಅವರ ಕಾಲದಲ್ಲಿ ಒಬ್ಬರೇ ಸರ್ಕ್ಯೂಟು ಕಟ್ಟಿ, ಗಣಿಗಿಳಿದು, ಎಣಿಸಿ, ಪ್ರಬಂಧ ಬರೆಯಬಹುದಿತ್ತು. ಇಂದು ಆ ಸುಖ ಬೇಕಾದರೆ ಸಣ್ಣ ಪ್ರಯೋಗಗಳ ಕಡೆಗೆ ನೋಡಬೇಕು. ಊಟಿಯಲ್ಲಿ ವಿಶ್ವಕಿರಣಗಳನ್ನು ಅಳೆಯುವ ಗ್ರೇಪ್ಸ್-3 ಅಂಥದು. ಅಲ್ಲಿಯ 560 ಚದರ ಮೀಟರಿನ ಮ್ಯೂಯಾನ್ ದೂರದರ್ಶಕವನ್ನು ದಶಕಗಳಷ್ಟು ಹಳೆಯ ಉಕ್ಕಿನ ಕೊಳವೆಗಳನ್ನು ಮರುಬಳಸಿ, 3,712 ಪ್ರಪೋರ್ಷನಲ್ ಕೌಂಟರುಗಳಾಗಿ (ಅನಿಲ ತುಂಬಿದ ಕಣಶೋಧಕಗಳಾಗಿ) ಕಟ್ಟಲಾಗಿದೆ. 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ಹಾದುಹೋದಾಗ ಮ್ಯೂಯಾನ್‌ಗಳ ಎಣಿಕೆಯಲ್ಲಿ ಕಂಡ ಸಣ್ಣ ಇಳಿತದಿಂದ, ಆ ಮೋಡದೊಳಗಿನ ವಿಭವಾಂತರ ಸುಮಾರು 1.3 ಗಿಗಾವೋಲ್ಟ್ ಎಂದು ಅವರು ಲೆಕ್ಕ ಹಾಕಿದರು, 2019ರಲ್ಲಿ ಪ್ರಕಟಿಸಿದರು. ಜಾರ್ಖಂಡಿನ ಜಾದುಗುಡಾ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಇನ್ನೊಂದು ಪ್ರಯೋಗಾಲಯವಿದೆ. ತಮಿಳುನಾಡಿನ ಬೋಡಿ ಬೆಟ್ಟದಲ್ಲಿ ಆಗಬೇಕಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದರೂ ಸ್ಥಳೀಯ ವಿರೋಧ ಮತ್ತು ಪರಿಸರದ ಪ್ರಶ್ನೆಗಳಿಂದ ಕೆಲಸ ಮುಂದೆ ಸಾಗಲಿಲ್ಲ. ಅದನ್ನು ನಂಬಿ ಪಿಎಚ್.ಡಿ. ಮಾಡಿದ ಗೆಳೆಯರನ್ನು ಕಂಡಿದ್ದೇನೆ. ಶೋಧಕ ಕಟ್ಟುವ ವಿದ್ಯೆ ಕೈಯಲ್ಲಿದ್ದುದರಿಂದ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಆದರೆ ಆ ನೋವು ಹೋಗಿಲ್ಲ.

ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಒಂದು ಹೆಸರು ಹೇಳುತ್ತೇನೆ. ಬಿಭಾ ಚೌಧುರಿ ಅವರು ಡಿ.ಎಂ. ಬೋಸ್ ಅವರೊಂದಿಗೆ ಎತ್ತರದ ಬೆಟ್ಟಗಳಲ್ಲಿ ಫೋಟೋಗ್ರಾಫಿಕ್ ಫಲಕಗಳನ್ನಿಟ್ಟು ವಿಶ್ವಕಿರಣಗಳಲ್ಲಿ ಮೆಸಾನ್ ಎಂಬ ಕಣಗಳನ್ನು ಹುಡುಕಿದವರು. 1949ರಲ್ಲಿ ಟಾಟಾ ಸಂಸ್ಥೆಗೆ ಸೇರಿದ ಮೊದಲ ಮಹಿಳಾ ಸಂಶೋಧಕಿ ಅವರೇ. ಅವರ ಬಗ್ಗೆ ಓದಿ.

ಮರುಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರಾದ ಸರ್ ಅವರನ್ನು ಇನ್ನೊಂದು ವಿಷಯ ಕೇಳಬೇಕು. ಕೋಲಾರದಲ್ಲಿ 1980ರಿಂದ ಪ್ರೋಟಾನ್ ಕ್ಷಯದ (ಪ್ರೋಟಾನ್ ತಾನಾಗಿ ಒಡೆಯುವುದರ) ಪ್ರಯೋಗ ನಡೆದಿತ್ತೆಂದೂ, ಪ್ರೋಟಾನ್ ಕ್ಷಯಿಸಿದ್ದನ್ನು ಕಂಡಿರಬಹುದೆಂದು ವರದಿಯಾಗಿತ್ತೆಂದೂ, ಅದು ಮುಂದೆ ನಿಲ್ಲಲಿಲ್ಲವೆಂದೂ ಓದಿದೆ. ಶ್ರೀಕಂಠನ್ ಅವರು ನಿರ್ದೇಶಕರಾಗಿದ್ದ ಕಾಲದ ದೊಡ್ಡ ಪ್ರಯೋಗವದು. ಹತ್ತು ವರ್ಷಕ್ಕೂ ಮೀರಿದ ಅಂಥ ದುಡಿಮೆಯನ್ನು ಸಂಶೋಧಕರ ಬದುಕಿನಲ್ಲಿ ಯಾವ ಕಡೆಗೆ ಲೆಕ್ಕ ಹಾಕಬೇಕು?

ಉತ್ತರ: ನಿವೃತ್ತ ಭೌತವಿಜ್ಞಾನ ಅಧ್ಯಾಪಕ, ಬೆಂಗಳೂರು

ಒಳ್ಳೆಯ ಪ್ರಶ್ನೆ. 1970ರ ದಶಕದಲ್ಲಿ ಬಂದ, ಕಣಗಳ ನಡುವಿನ ಬಲಗಳನ್ನು ಒಂದೇ ಚೌಕಟ್ಟಿಗೆ ತರಲು ಹೊರಟ ಮಹಾ ಏಕೀಕರಣ ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಶಾಶ್ವತವಲ್ಲ. ಅದರ ಸರಾಸರಿ ಆಯುಷ್ಯ 10ರ ಘಾತ 30ರ ಆಸುಪಾಸಿನಷ್ಟು ವರ್ಷಗಳಿರಬಹುದೆಂಬ ಅಂದಾಜಿತ್ತು. ಅಷ್ಟು ಕಾಲ ಯಾರೂ ಕಾಯಲಾರರು, ಆದರೆ ಅಷ್ಟು ಪ್ರೋಟಾನ್‌ಗಳನ್ನು ಒಟ್ಟಿಗೆ ಕಾಯಬಹುದು. ಕೋಲಾರದ ಮೊದಲ ಶೋಧಕದಲ್ಲಿ 140 ಟನ್ ಕಬ್ಬಿಣವಿತ್ತು. ಲೆಕ್ಕ ಹಾಕಿದರೆ ಅದರೊಳಗೆ ಪ್ರೋಟಾನು, ನ್ಯೂಟ್ರಾನುಗಳು ಸೇರಿ 8ರ ಮುಂದೆ 31 ಸೊನ್ನೆಗಳಷ್ಟಾಗುತ್ತವೆ. ಆಯುಷ್ಯ 10ರ ಘಾತ 31 ವರ್ಷವಾಗಿದ್ದರೆ ವರ್ಷಕ್ಕೆ ಎಂಟು ಕ್ಷಯಗಳಾಗಬೇಕು, ಅವುಗಳಲ್ಲಿ ಕೆಲವನ್ನಾದರೂ ಹಿಡಿಯಬಹುದು. ಚೌಕಾಕಾರದ ಕಬ್ಬಿಣದ ಕೊಳವೆಗಳಿಂದ ಮಾಡಿದ ಪ್ರಪೋರ್ಷನಲ್ ಕೌಂಟರುಗಳನ್ನು 34 ಪದರಗಳಾಗಿ ಜೋಡಿಸಿ, ನಡುವೆ ಕಬ್ಬಿಣದ ಹಲಗೆಗಳನ್ನಿಟ್ಟು, 2.3 ಕಿಲೋಮೀಟರ್ ಆಳದಲ್ಲಿ ಅದನ್ನು ಕಟ್ಟಿದರು. ಇದಕ್ಕಾಗಿಯೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿನಲ್ಲಿಯೇ ಅದು ಮೊದಲನೆಯದು. 1980ರ ದಶಕದ ನಡುವಿನಲ್ಲಿ 260 ಟನ್ನಿನ ಎರಡನೆಯ ಶೋಧಕವೂ ಬಂತು.

ಕ್ಷಯದಂತೆ ತೋರಿದ ಕೆಲವು ಘಟನೆಗಳನ್ನು ಅವರು ವರದಿ ಮಾಡಿದ್ದು ನಿಜ. ಆಮೇಲೆ ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ ಐ.ಎಂ.ಬಿ., ಜಪಾನಿನಲ್ಲಿ ಕಮಿಯೋಕಾಂಡೆ ಎಂಬ ಸಾವಿರಾರು ಟನ್ ನೀರಿನ ಶೋಧಕಗಳು ಬಂದವು, ಅವುಗಳಿಗೆ ಕ್ಷಯ ಕಾಣಲಿಲ್ಲ. ಇಂದು ಸೂಪರ್ ಕಮಿಯೋಕಾಂಡೆಯ ಪ್ರಕಾರ, ಸಿದ್ಧಾಂತಿಗಳು ಹೆಚ್ಚು ನಿರೀಕ್ಷಿಸಿದ್ದ ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ಬಗೆಯಲ್ಲಿ ಪ್ರೋಟಾನಿನ ಆಯುಷ್ಯ 10ರ ಘಾತ 34 ವರ್ಷಕ್ಕಿಂತ ಹೆಚ್ಚು. ಅಂದರೆ ಕೋಲಾರದಲ್ಲಿ ಕಂಡದ್ದು ಪ್ರೋಟಾನ್ ಕ್ಷಯವಾಗಿರಲಾರದು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಪ್ರೋಟಾನ್ ಕ್ಷಯವನ್ನು ಹುಡುಕುವ ಎಲ್ಲ ಪ್ರಯೋಗಗಳಿಗೂ ಕೊನೆಗೆ ಉಳಿಯುವ ಗದ್ದಲ ಯಾವುದು ಗೊತ್ತೇ? ವಾತಾವರಣದ ನ್ಯೂಟ್ರಿನೊ. ಎಷ್ಟು ಆಳಕ್ಕೆ ಹೋದರೂ ಅದನ್ನು ತಡೆಯಲಾಗುವುದಿಲ್ಲ. 1965ರಲ್ಲಿ ಕೋಲಾರದ ತಂಡ ಯಾವುದನ್ನು ಹುಡುಕಿ ಕಂಡಿತೋ ಅದೇ ಹದಿನೈದು ವರ್ಷಗಳ ನಂತರ ಅವರ ದಾರಿಗೆ ಅಡ್ಡ ನಿಂತಿತು. ಜಪಾನಿನವರಿಗೂ ಹಾಗೆಯೇ ನಿಂತಿತು, ಆದರೆ ಅವರು ಆ ಗದ್ದಲವನ್ನೇ ಕೂಲಂಕಷವಾಗಿ ಅಳೆದಾಗ ಮೇಲಿನಿಂದ ಬರುವುದಕ್ಕೂ ಭೂಮಿಯ ಆಚೆ ಬದಿಯಿಂದ ಬರುವುದಕ್ಕೂ ಎಣಿಕೆ ತಾಳೆಯಾಗಲಿಲ್ಲ. 1998ರಲ್ಲಿ ಸೂಪರ್ ಕಮಿಯೋಕಾಂಡೆ ಇದನ್ನು ಖಚಿತಪಡಿಸಿದಾಗ ನ್ಯೂಟ್ರಿನೊಗಳು ಸಾಗುತ್ತ ಸಾಗುತ್ತ ಬಗೆ ಬದಲಿಸುತ್ತವೆ, ಅವುಗಳಿಗೆ ತೂಕವಿದೆ ಎಂಬುದು ಸಿದ್ಧವಾಯಿತು; ತಕಾಕಿ ಕಜಿತಾ ಅವರಿಗೆ 2015ರ ನೊಬೆಲ್ ಪಾಲು ಬಂದದ್ದು ಇದಕ್ಕೆ. ಕೋಲಾರದ ಶೋಧಕ ಆ ಕೆಲಸಕ್ಕೆ ಬಹಳ ಚಿಕ್ಕದಾಗಿತ್ತು, ಮೊದಲಿಗರಿಗೆ ಸಾಮಾನ್ಯವಾಗಿ ಚಿಕ್ಕ ಉಪಕರಣವೇ ಸಿಗುತ್ತದೆ. ಅಷ್ಟರಲ್ಲಿ ಗಣಿಯ ಆಯುಷ್ಯವೂ ತೀರುತ್ತ ಬಂತು; 1990ರ ದಶಕದ ಆರಂಭದಲ್ಲಿ ಪ್ರಯೋಗಾಲಯ ನಿಂತಿತು, 2001ರಲ್ಲಿ ಗಣಿಯೇ ಮುಚ್ಚಿತು. ಆ ಆಳದ ಪ್ರಯೋಗಾಲಯವನ್ನು ಉಳಿಸಿಕೊಳ್ಳದೆ ಹೋದದ್ದು ನಮ್ಮ ವಿಜ್ಞಾನಕ್ಕೆ ದೊಡ್ಡ ನಷ್ಟ, ಇದನ್ನು ನಾನು ತೀವ್ರವಾದ ದುಃಖದಿಂದಲೇ ಬರೆಯುತ್ತಿದ್ದೇನೆ.

ಆ ಹತ್ತು ವರ್ಷಗಳು ವ್ಯರ್ಥವೆಂದು ನಾನು ಹೇಳಲಾರೆ. ಅಲ್ಲಿ ಕೈ ಪಳಗಿಸಿಕೊಂಡ ನಾಬಾ ಮಂಡಲ್ ಅವರಂಥವರೇ ಮುಂದೆ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆಯನ್ನು ಮುನ್ನಡೆಸಿದರು. ನೀವು ಪಿಎಚ್.ಡಿ. ಸಂದರ್ಶನಕ್ಕೆ ಹೋದಾಗ ಮಾರ್ಗದರ್ಶಕರನ್ನು, ನಿಮ್ಮ ಪ್ರಯೋಗದ ಅತಿ ದೊಡ್ಡ ಗದ್ದಲ ಯಾವುದು, ಅದನ್ನು ಅಳೆಯುವ ಕೆಲಸ ಯಾರದು ಎಂದು ಕೇಳಿ. ಆ ಕೆಲಸ ವಿದ್ಯಾರ್ಥಿಗಳದೇ ಎಂದು ಅವರು ಹೇಳಿದರೆ ಹಿಂಜರಿಯದೆ ಸೇರಿಕೊಳ್ಳಿ. ಟಾಟಾ ಸಂಸ್ಥೆಯ ಪ್ರವೇಶ ಪರೀಕ್ಷೆ, ಜೆಸ್ಟ್, ಗೇಟ್ ಈ ಮೂರಕ್ಕೂ ಅರ್ಜಿ ಹಾಕುವುದನ್ನು ತಪ್ಪಿಸಬೇಡಿ. ಈಗಿನಿಂದಲೇ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಗೀಗರ್ ಕೌಂಟರುಗಳು ಸಿಕ್ಕಿದರೆ ಒಂದರ ಮೇಲೊಂದಿಟ್ಟು ಕೋಇನ್ಸಿಡೆನ್ಸ್ ಎಣಿಕೆ ಮಾಡಿ, ಜೋಡಿಯನ್ನು ಲಂಬದಿಂದ ಅಡ್ಡಕ್ಕೆ ವಾಲಿಸುತ್ತ ಹೋದಂತೆ ಎಣಿಕೆ ಹೇಗೆ ಇಳಿಯುತ್ತದೆಂದು ಗ್ರಾಫ್ ಬರೆಯಿರಿ. ಫಲಿತಾಂಶವನ್ನು ಇಲ್ಲಿಯೇ ಹಾಕಿ, ಒಟ್ಟಿಗೆ ನೋಡೋಣ.